ಸತ್ತ ಶಾಸಕನಿಗೊಂದು ಬಿನ್ನವತ್ತಳೆ

ಕಳೆದ ವಸಂತದಲ್ಲಿ ನಾನು, ಸುಮಾರು ಇನ್ನೂರು ವರ್ಷಗಳ ಹಿಂದೆ ಸತ್ತುಹೋದ ಅಮೆರಿಕದ ಒಬ್ಬ ಶಾಸಕನಿಗೆ ಬಿನ್ನವತ್ತಳೆ ಬರೆದೆ. ಅವನಿಗೆ ಅದು ಬೇಕಿರಲಿಲ್ಲ. ಸಹಾಯ ಕೇಳಿದ್ದು ನನ್ನ ಹತ್ತು ವರ್ಷದ ಮಗಳು, ಅವಳು ಕೇಳಿದ್ದೂ ಬೇರೆಯೇ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಇಲ್ಲಿ ಅಮೆರಿಕದಲ್ಲಿರುವ ನಮ್ಮ ಕನ್ನಡ ಸಂಘದಲ್ಲಿ ಯಾರಿಗೆ ಸನ್ಮಾನವಾದರೂ ವೇದಿಕೆಯ ಮೇಲೆ ಓದಿ, ಚೌಕಟ್ಟು ಹಾಕಿಸಿ ಕೈಗಿಡುವ ಹೊಗಳಿಕೆಯ ಪತ್ರವನ್ನು ಹನ್ನೆರಡು ವರ್ಷ ನಾನೇ ಬರೆಯುತ್ತಿದ್ದೆ. ಶಾಲು, ಪೇಟ, ಗಂಧದ ಹಾರ ಎಲ್ಲವೂ ಮಿಲ್ಪಿಟಾಸಿನ ಅಂಗಡಿಗಳಲ್ಲಿ ಸಿಗುತ್ತವೆ, ಬಿನ್ನವತ್ತಳೆ ಮಾತ್ರ ಸಿಗುವುದಿಲ್ಲ. ಹಾಗಾಗಿ ನನಗೊಂದು ಗತ್ತಿತ್ತು. ವಾರದ ದಿನಗಳಲ್ಲಿ ಸ್ಯಾನ್ ಹೊಸೆಯ ಆಫೀಸಿನಲ್ಲಿ ಕೂತು ಕಂಪ್ಯೂಟರ್ ಚಿಪ್ಪುಗಳಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಶನಿವಾರ ಭಾನುವಾರ ಮನುಷ್ಯರಲ್ಲಿ ತಪ್ಪು ಕಾಣದಂತೆ ಬರೆಯುವುದು ಹವ್ಯಾಸ. ‘ಸಹೃದಯಿಗಳೇ’ ಎಂದು ಒಂದು ಪ್ಯಾರಾ, ‘ಕೊಡುಗೈ ದಾನಿಗಳೇ’ ಎಂದು ಇನ್ನೊಂದು, ‘ಸರಳ ಸಜ್ಜನರೇ’ ಎಂದು ಮತ್ತೊಂದು. ಜಗಳಗಂಟರಾದರೆ ‘ನೇರ ನುಡಿಯ ಧೀಮಂತರೇ’. ಕೂತವರಿಗೆಲ್ಲ ಒಳಗಿನ ವಿಷಯ ಗೊತ್ತಿರುತ್ತಿತ್ತು, ಆದರೂ ಚಪ್ಪಾಳೆ ಬೀಳುತ್ತಿತ್ತು. ಅದು ನನಗೆ ಬಿದ್ದ ಚಪ್ಪಾಳೆ ಎಂದೇ ನಾನು ತಿಳಿದಿದ್ದೆ.

ಶಾಸಕನ ಕಥೆಗೆ ಮೊದಲು ಸರಟೋಗಾ ಎಂಬ ಪಕ್ಕದ ಊರಿನ ಒಂದು ಅಡುಗೆಮನೆಯ ಕಥೆ ಹೇಳಬೇಕು. ಹಿಂದಿನ ನವೆಂಬರಿನ ರಾಜ್ಯೋತ್ಸವದಲ್ಲಿ ಅಲ್ಲಿಯ ಹಿರಿಯರೊಬ್ಬರನ್ನು ಸನ್ಮಾನಿಸುವುದೆಂದು ಸಂಘ ತೀರ್ಮಾನಿಸಿತ್ತು. ಹುಬ್ಬಳ್ಳಿ ಕಡೆಯವರು, ನಿವೃತ್ತ ಡಾಕ್ಟರು, ದೊಡ್ಡ ಮನೆ, ದೊಡ್ಡ ಮನಸ್ಸು ಎಂದು ಹೆಸರಾದವರು. ಹೊಸದಾಗಿ ಬಂದ ಕನ್ನಡದ ಹುಡುಗರನ್ನೆಲ್ಲ ಕರೆದು ಊಟ ಹಾಕುತ್ತಿದ್ದರು. ಅದನ್ನು ಮಾಡಿ ಬಡಿಸುತ್ತಿದ್ದವಳು ಗದಗ ಕಡೆಯಿಂದ ಕರೆತಂದಿದ್ದ ಒಬ್ಬ ಹೆಂಗಸು. ನಾಲ್ಕು ವರ್ಷದಿಂದ ಅವರ ಮನೆಯಲ್ಲೇ ಇದ್ದಳು. ನಾವು ಟೇಬಲ್ಲಿನ ಸುತ್ತ ಕೂತು ದಾಸ ಸಾಹಿತ್ಯ, ವಚನ, ರಾಜಕೀಯ ಎಲ್ಲ ಮಾತಾಡುವಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಆಕೆಯ ಜೋಳದ ರೊಟ್ಟಿ, ಎಣಗಾಯಿಯನ್ನು ನಾನು ಎಷ್ಟು ತಿಂದಿದ್ದೇನೋ ಲೆಕ್ಕವಿಲ್ಲ.

ಸನ್ಮಾನಕ್ಕೆ ಒಂದು ವಾರ ಮುಂಚೆ, ಅವರ ಜೀವನದ ವಿವರ ಬರೆದುಕೊಳ್ಳಲು ಹೋಗಿದ್ದೆ. ಮಗಳೂ ಜೊತೆಗಿದ್ದಳು. ಹಿರಿಯರು ಹಳೆಯ ಫೋಟೋಗಳನ್ನು ತರಲು ಮಹಡಿಗೆ ಹೋದರು. ಅಷ್ಟರಲ್ಲಿ ಆಕೆ ಚಹಾ ತಂದಿಟ್ಟು, ಹೋಗದೆ ಅಲ್ಲೇ ನಿಂತಳು.

“ಸಾಹೇಬ್ರ, ನಿಮಗೊಂದ್ ಮಾತ್ ಹೇಳ್ಬೇಕಿತ್ರಿ. ಮಾಘದಾಗ ನನ್ನ ಮಗಳ ಲಗ್ನ ಐತಿ. ಹೋಗಿ ಬರ್ತೀನಿ ಅಂದ್ರ ನಮ್ಮ ಸಾಹೇಬ್ರು ಮುಂದಿನ ವರ್ಷ ನೋಡೂಣು ಅಂತಾರ. ಪಾಸ್‌ಪೋರ್ಟು ಅವರ ಕಪಾಟಿನ್ಯಾಗ ಐತಿ. ನಿಮ್ಮ ಮಾತು ಅವರು ಕೇಳ್ತಾರ್ರಿ. ಒಂದ್ ಮಾತು ಹಾಕ್ರಿ.”

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಆಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹಿರಿಯರು ಫೋಟೋ ಆಲ್ಬಮ್ಮಿನ ಧೂಳು ಒರೆಸುತ್ತ ಕೂತು, “ನೀವು ಬರದ್ರ ಸತ್ತ ಮನಶ್ಯಾನೂ ಎದ್ದು ಕುಂತು ಕೇಳ್ತಾನ ನೋಡ್ರಿ. ನಿಮ್ಮ ಬಿನ್ನವತ್ತಳಿ ಎಲ್ಲಾ ಕೂಡಿಸಿ ಒಂದು ಪುಸ್ತಕ ಮಾಡೂಣು. ಅದು ನನ್ನ ಜವಾಬ್ದಾರಿ,” ಎಂದರು. ನಾನು ಉಬ್ಬಿಹೋದೆ. ಪುಸ್ತಕದ ಮುಖಪುಟ ಹೇಗಿರಬೇಕೆಂದು ಚಹಾ ಕುಡಿಯುತ್ತಲೇ ಯೋಚಿಸತೊಡಗಿದೆ. ಆ ಒಂದು ಮಾತು ಮಾತ್ರ ಹಾಕಲಿಲ್ಲ.

ವಾಪಸು ಬರುವಾಗ ಫ್ರೀವೇಯಲ್ಲಿ ಮಗಳು ಕೇಳಿದಳು. “ಅಪ್ಪ, ವಿಲ್ ಯು ಟೆಲ್ ಅಂಕಲ್? ಅಬೌಟ್ ದ ವೆಡ್ಡಿಂಗ್?” ಕನ್ನಡ ಆಡುವುದು ಕಡಿಮೆಯಾದರೂ ಅವಳಿಗೆ ಅರ್ಥವಾಗದ್ದೇನೂ ಇರಲಿಲ್ಲ. “ನೋಡೋಣ ಪುಟ್ಟ, ಮೊದ್ಲು ಫಂಕ್ಷನ್ನು ಮುಗೀಲಿ,” ಅಂದೆ.

ಫಂಕ್ಷನ್ನು ಮುಗಿಯಿತು. ‘ಮನೆಯ ಕೆಲಸದವರನ್ನೂ ಮಕ್ಕಳಂತೆ ಕಂಡ ಮಾತೃಹೃದಯಿಗಳೇ’ ಎಂದು ನಾನು ಓದಿದಾಗ ಎಲ್ಲಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು. ಆಕೆ ಸಭೆಗೆ ಬಂದಿರಲಿಲ್ಲ, ನಮ್ಮ ರಾತ್ರಿಯ ಊಟಕ್ಕೆ ಹೋಳಿಗೆ ಮಾಡುತ್ತಿದ್ದಳು. ಆಮೇಲೆ ಮರೆತೆ ಎಂದರೆ ಸುಳ್ಳಾಗುತ್ತದೆ. ಮಾಘ ಕಳೆಯುವವರೆಗೂ ಆಗಾಗ ನೆನಪಾಗುತ್ತಿತ್ತು. ಫೋನು ಕೈಗೆತ್ತಿಕೊಂಡು, ಅವರ ಮನೆಯ ವಿಷಯ ನಮಗ್ಯಾಕೆ ಎಂದು ಕೆಳಗಿಡುತ್ತಿದ್ದೆ. ಮಾಘ ಕಳೆದ ಮೇಲೆ ಇನ್ನು ಹೇಳಿ ಏನು ಎಂದು ಸಮಾಧಾನವೂ ಆಯಿತು. ಎಂಥ ಸಮಾಧಾನ!

ಇಷ್ಟಾದ ಮೇಲೆ ಬಂದ ಶಾಸಕ.

ಮಗಳ ಶಾಲೆಯಲ್ಲಿ ಐದನೇ ಕ್ಲಾಸಿನ ಮಕ್ಕಳು ವರ್ಷಕ್ಕೊಂದು ದಿನ ಮೇಣದ ಗೊಂಬೆಗಳಾಗುತ್ತಾರೆ. ಒಬ್ಬೊಬ್ಬರಿಗೂ ಈ ದೇಶದ ಚರಿತ್ರೆಯ ಒಬ್ಬೊಬ್ಬ ವ್ಯಕ್ತಿ. ಅವರ ವೇಷ ಹಾಕಿಕೊಂಡು ಶಾಲೆಯ ಹಾಲಿನಲ್ಲಿ ಅಲುಗಾಡದೆ ನಿಲ್ಲಬೇಕು. ಎದುರಿನ ಮೇಜಿನ ಮೇಲೆ ಕೆಂಪು ಕಾಗದದ ಒಂದು ಗುಂಡಿ. ನೋಡಲು ಬಂದವರು ಅದನ್ನು ಒತ್ತಿದರೆ ಗೊಂಬೆಗೆ ಜೀವ ಬಂದು, ‘ನಾನು ಇಂಥವನು’ ಎಂದು ಒಂದು ನಿಮಿಷ ತನ್ನ ಕಥೆ ಹೇಳುತ್ತದೆ. ಯಾರಿಗೆ ಯಾರು ಎಂಬುದನ್ನು ಟೀಚರು ಚೀಟಿ ಎತ್ತಿಸಿ ತೀರ್ಮಾನಿಸುತ್ತಾರೆ. ಇವಳ ಗೆಳತಿಗೆ ಗಗನಯಾತ್ರಿ ಬಂದಳು. ಇವಳಿಗೆ ಬಂದದ್ದು ಪೂರ್ವ ಭಾಗದ ಒಂದು ರಾಜ್ಯದ, ಯಾರೂ ಕೇಳರಿಯದ ಹಳೆಯ ಶಾಸಕ. ಎರಡು ದಿನ ಮುಖ ಊದಿಸಿಕೊಂಡೇ ಇದ್ದಳು. ಮೂರನೆಯ ದಿನ, ಅವನ ಕಥೆ ಹುಡುಕಿಕೊಡು ಅಪ್ಪ ಎಂದು ಕೇಳಿದಳು, ಅಷ್ಟೇ.

ಲೈಬ್ರರಿಯಿಂದ ಆ ರಾಜ್ಯದ ಶಾಸನಸಭೆಯ ಚರಿತ್ರೆ ಎಂಬ ದಪ್ಪ ಪುಸ್ತಕ ತಂದೆವು. ಓದುತ್ತ ಓದುತ್ತ ಮಗಳಿಗಿಂತ ನನಗೇ ಅವನ ಹುಚ್ಚು ಹತ್ತಿತು. ರೈತನ ಮಗ. ವಕೀಲರೊಬ್ಬರ ಆಫೀಸಿನಲ್ಲಿ ಕಾಗದಪತ್ರಗಳ ಪ್ರತಿ ಬರೆಯುತ್ತ ಕಾನೂನು ಕಲಿತ. ಕೌಂಟಿಯ, ಎಂದರೆ ಅಲ್ಲಿಯ ಜಿಲ್ಲೆಯ, ಗುಮಾಸ್ತನಾದ. ಮೂವತ್ತು ತುಂಬುವ ಮೊದಲೇ ರಾಜ್ಯದ ಸಭೆಗೆ ಆರಿಸಿ ಬಂದ. ಮೂರು ದಿನ ಕುದುರೆಯ ಮೇಲೆ ಕೂತು ರಾಜಧಾನಿ ಸೇರಿ, ಮೊದಲ ಸಲ ಮಾತಾಡಲು ಎದ್ದಾಗ ಮಾತು ಮರೆತು ಹಾಗೇ ಕೂತುಬಿಟ್ಟನಂತೆ. ಮರುವರ್ಷ ತನ್ನೂರ ಹೊಳೆಗೆ ಸೇತುವೆ ಮಂಜೂರು ಮಾಡಿಸಿಕೊಂಡ. ಸೇತುವೆಗೆ ಹೋಗುವ ರಸ್ತೆ ಅವನ ಮಾವನ ಹೊಲದ ಪಕ್ಕದಲ್ಲೇ ಹಾದುಹೋಯಿತು ಎಂದು ಓದಿದಾಗ ನಾನು ಜೋರಾಗಿ ನಕ್ಕೆ. ಇವನು ನಮ್ಮ ತಾಲ್ಲೂಕಿನವನೇ ಅನ್ನಿಸಿತು.

ಆಮೇಲೆ ಎರಡು ಅವಧಿ ದೇಶದ ಕಾಂಗ್ರೆಸ್ಸಿನಲ್ಲಿ, ಅಂದರೆ ಅಲ್ಲಿಯ ಸಂಸತ್ತಿನಲ್ಲಿದ್ದ. ಅಲ್ಲಿ ಅಂಚೆ ರಸ್ತೆಗಳ ಸಮಿತಿಯಲ್ಲಿ ಕೂತು, ಹಳ್ಳಿಗಳಿಗೂ ಟಪಾಲು ಹೋಗಬೇಕೆಂದು ವಾದ ಮಾಡಿದ. ಮೂರನೆಯ ಸಲ ಸೋತ. ಸೋತ ಮೇಲೆ ಮನೆಯಲ್ಲಿ ಕೂರದೆ ಮತ್ತೆ ರಾಜ್ಯದ ಸಭೆಗೇ ನಿಂತು ಗೆದ್ದು, ಅದರ ಸ್ಪೀಕರೂ ಆದ. ಬಡವರ ಮಕ್ಕಳಿಗೆ ಶಾಲೆ ಬೇಕೆಂಬ ಮಸೂದೆಯನ್ನು ನಾಲ್ಕು ವರ್ಷ ಬಿಡದೆ ಮಂಡಿಸಿದ. ಕೊನೆಗೆ ಜ್ವರವಿದ್ದರೂ ಸಭೆಗೆ ಹೋಗಿ, ಅದೇ ಜ್ವರದಲ್ಲಿ ತೀರಿಕೊಂಡ. ಇಷ್ಟು ಸಾಮಗ್ರಿ ಸಿಕ್ಕರೆ ನನ್ನಂಥವನು ಬಿಡುತ್ತಾನೆಯೇ? ಕಂಪ್ಯೂಟರ್ ತೆರೆದು ಇಂಗ್ಲಿಷಿನಲ್ಲಿ ಶುರುಮಾಡಿಯೇಬಿಟ್ಟೆ: ನಾನು ನದಿಗಳನ್ನು ಬೆಸೆದವನು, ನಾನು ಹಳ್ಳಿಗಳ ದನಿಯಾದವನು, ನಾನು ಅಕ್ಷರದ ದೀಪ ಹಚ್ಚಿದವನು. ಹೆಂಡತಿ ಹಿಂದಿನಿಂದ ಇಣುಕಿ, “ಪೇಟಾನೂ ತೊಡಿಸಿಬಿಡಿ ಅವನಿಗೆ,” ಎಂದು ನಕ್ಕು ಹೋದಳು.

ಮಗಳು ಪುಸ್ತಕದ ಉಳಿದ ಪುಟಗಳನ್ನು ತಾನೇ ಓದಿದ್ದಳು. ಮಾರನೆಯ ದಿನ ಒಂದು ಪುಟಕ್ಕೆ ಬೆರಳಿಟ್ಟುಕೊಂಡು ಬಂದಳು. ಆ ಶಾಸಕನ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಅವನ ಗುಲಾಮಳು. ಅವಳಿಗೊಬ್ಬಳು ಮಗಳು. ಆ ಹುಡುಗಿಯನ್ನು ಅವನು ದೂರದ ಊರಿನ ತನ್ನ ಸಂಬಂಧಿಕರ ಮನೆಗೆ ಕಳಿಸಿಬಿಟ್ಟಿದ್ದ. ತಾಯಿ ಯಾರಿಂದಲೋ ಅರ್ಜಿ ಬರೆಸಿ, ಮಗಳನ್ನು ಬಿಡುಗಡೆ ಮಾಡಿ ನನ್ನ ಹತ್ತಿರ ಇರಲು ಬಿಡಿ ಎಂದು ರಾಜ್ಯದ ಸಭೆಗೇ ಕೇಳಿಕೊಂಡಳು. ಅರ್ಜಿ ಬಂದ ದಿನ ಅವನು ಸಭೆಯಲ್ಲೇ ಇದ್ದ. ತಾನೇ ಎದ್ದು, ಇದನ್ನು ಮೇಜಿನ ಮೇಲಿಡೋಣ ಎಂದ. ಹಾಗೆಂದರೆ ಚರ್ಚೆ ಬೇಡ, ಹೌದು ಅನ್ನುವುದೂ ಬೇಡ, ಇಲ್ಲ ಅನ್ನುವುದೂ ಬೇಡ, ಸುಮ್ಮನೆ ಅಲ್ಲಿರಲಿ. ಆಮೇಲೆ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಪುಸ್ತಕದಲ್ಲಿ ಅವಳ ಹೆಸರೂ ಇರಲಿಲ್ಲ, ‘ಅವನ ಅಡುಗೆಯವಳು’ ಎಂದಷ್ಟೇ ಇತ್ತು.

ಮಗಳು ನಾನು ಬರೆದದ್ದರ ಕೊನೆಗೆ ತನ್ನದೇ ಮೂರು ವಾಕ್ಯ ಸೇರಿಸಿದ್ದಳು. ನನ್ನ ಅಡುಗೆಯವಳು ತನ್ನ ಮಗಳನ್ನು ತನಗೆ ಬಿಟ್ಟುಕೊಡಿ ಎಂದು ಕೇಳಿದಳು. ನಾನು ಆ ಕಾಗದವನ್ನು ಮೇಜಿನ ಮೇಲಿಟ್ಟೆ. ಅವಳ ಹೆಸರು ನನಗೆ ನೆನಪಿಲ್ಲ.

ನನಗೆ ರೇಗಿತು. ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ಕೊನೆಯಲ್ಲಿ ಕೆಡಿಸಿದಳಲ್ಲ ಎಂದು. “ಇದು ಬೇಡ ಪುಟ್ಟ. ಒಂದೇ ನಿಮಿಷ ಇರೋದು. ಒಳ್ಳೇದನ್ನ ಹೇಳಿದ್ರೆ ಸಾಕು,” ಅಂದೆ.

“ಬಟ್ ಇಟ್ಸ್ ಟ್ರೂ,” ಅಂದಳು.

“ನಿಜ ಇರಬಹುದು. ನೀನು ಅವನ ವೇಷ ಹಾಕ್ಕೊಂಡು ನಿಂತಿರ್ತೀಯ. ತನ್ನ ಬಗ್ಗೆ ಯಾರಾದ್ರೂ ಹಾಗೆ ಹೇಳ್ಕೋತಾರಾ?”

ಅವಳು ನನ್ನ ಮುಖ ನೋಡಿದಳು. “ವೈ ಡಿಡ್ ಹಿ ಪುಟ್ ಇಟ್ ಆನ್ ದ ಟೇಬಲ್, ಅಪ್ಪ?” ಎಂದು ಕೇಳಿದಳು. ಅವನಿಗೆ ಎಷ್ಟೋ ಕೆಲಸವಿದ್ದಿರಬೇಕು, ಸಭೆಯಲ್ಲಿ ಎಲ್ಲರನ್ನೂ ಎದುರು ಹಾಕಿಕೊಂಡರೆ ಶಾಲೆಯ ಮಸೂದೆಯೂ ಬಿದ್ದುಹೋಗುತ್ತಿತ್ತೇನೋ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅವನ ಪರ ವಕೀಲನೇ ಆಗಿಬಿಟ್ಟೆ. ಅವಳ ಮೂರು ವಾಕ್ಯವನ್ನು ಅವಳೆದುರೇ ಅಳಿಸಿದೆ. ಆ ಹೊತ್ತಿನಲ್ಲಿ ನನಗೆ ಸರಟೋಗಾದ ನೆನಪು ಒಂದಿಷ್ಟೂ ಬರಲಿಲ್ಲ. ಬಂದಿದ್ದರೆ ಅಳಿಸುತ್ತಿರಲಿಲ್ಲವೇನೋ ಎಂದು ಈಗ ಅಂದುಕೊಳ್ಳುತ್ತೇನೆ. ಅದೂ ಖಾತ್ರಿಯಿಲ್ಲ.

ಪ್ರದರ್ಶನದ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಹಾಲಿನ ತುಂಬ ಗೊಂಬೆಗಳು. ನನ್ನ ಮಗಳು ನನ್ನದೇ ಹಳೆಯ ಕಪ್ಪು ಕೋಟನ್ನು ಮೊಣಕಾಲವರೆಗೆ ತೊಟ್ಟು, ಹತ್ತಿಯ ಬಿಳಿ ಕೂದಲು ಅಂಟಿಸಿಕೊಂಡು, ಒಂದು ಕೈ ಎದೆಯ ಮೇಲಿಟ್ಟು ನಿಂತಿದ್ದಳು. ಕಣ್ಣು ಮಾತ್ರ ನನ್ನನ್ನು ಕಂಡು ಚೂರು ಅಲುಗಿತು. ಗುಂಡಿ ಒತ್ತಿದೆ. ನಾನು ಬರೆದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ನದಿಗಳು, ಹಳ್ಳಿಗಳ ದನಿ, ಅಕ್ಷರದ ದೀಪ. ಎಲ್ಲಿ ತಡೆದು ನಿಲ್ಲಬೇಕೋ ಅಲ್ಲಿ ನಿಂತಳು. ವೀಡಿಯೊ ತೆಗೆದುಕೊಂಡು, ಅಲ್ಲೇ ನಿಂತು ಊರಿನ ಫ್ಯಾಮಿಲಿ ಗ್ರೂಪಿಗೆ ಕಳಿಸಿದೆ.

ಕಾಫಿ ಇಟ್ಟಿದ್ದ ಮೂಲೆಯಲ್ಲಿ ಇವಳ ಗೆಳತಿಯ ಅಜ್ಜಿ ಸಿಕ್ಕರು. ಕರಿಯ ಜನಾಂಗದ ಹಿರಿಯ ಹೆಂಗಸು, ದಿನಾ ಮೊಮ್ಮಗಳನ್ನು ಶಾಲೆಗೆ ಬಿಡಲು ಬರುತ್ತಿದ್ದರು, ನಮಸ್ಕಾರದಷ್ಟು ಪರಿಚಯ. ನನ್ನ ಕೈ ಹಿಡಿದು, ನಿಮ್ಮ ಮಗಳು ಆ ಅಡುಗೆಯವಳ ಮಾತು ಹೇಳಿದಳಲ್ಲ, ಅದನ್ನು ಕೇಳಿ ನನಗೆ ಸ್ವಲ್ಪ ಹೊತ್ತು ಕೂರಬೇಕೆನ್ನಿಸಿತು, ಅದನ್ನು ಬಿಡದೆ ಹೇಳಲು ಕಲಿಸಿದ್ದೀರಿ, ದೊಡ್ಡದು, ಎಂದರು. ನಾನು ‘ಥ್ಯಾಂಕ್ಯೂ’ ಅಂದೆ. ಹೌದು, ಥ್ಯಾಂಕ್ಯೂ ಅಂದೆ.

ಕಾಫಿ ಬಿಟ್ಟು, ಮಗಳಿಗೆ ಕಾಣದಂತೆ ಅವಳ ಹಿಂದೆ ಪರದೆಯ ಪಕ್ಕ ಹೋಗಿ ನಿಂತೆ. ಯಾರೋ ಒಬ್ಬ ತಂದೆ ಗುಂಡಿ ಒತ್ತಿದ. ಸೇತುವೆ, ಟಪಾಲು, ಶಾಲೆ ಎಲ್ಲ ಸರಳವಾಗಿ ಬಂತು, ನನ್ನ ದೀಪಗೀಪ ಒಂದೂ ಇರಲಿಲ್ಲ. ಕೊನೆಯಲ್ಲಿ ಆ ಮೂರು ವಾಕ್ಯ. ಇನ್ನೊಬ್ಬರು ಒತ್ತಿದರು, ಮತ್ತೆ ಅದೇ. ಹಾಲಿನಲ್ಲಿದ್ದವರಿಗೆಲ್ಲ ನಿಜ ಹೇಳಿ, ನನಗೊಬ್ಬನಿಗೆ ಮಾತ್ರ ನಾನು ಬರೆದದ್ದನ್ನು ಒಪ್ಪಿಸಿದ್ದಳು. ಅಪ್ಪ ಅಷ್ಟನ್ನೇ ತಡೆದುಕೊಳ್ಳಬಲ್ಲ ಎಂದು ಹತ್ತು ವರ್ಷದ ಹುಡುಗಿಗೆ ಗೊತ್ತಿತ್ತು. ನಾನು ಸಭೆಗಳಲ್ಲಿ ದೊಡ್ಡವರ ಮುಂದೆ ಮಾಡುತ್ತಿದ್ದುದನ್ನೇ ಅವಳು ನನ್ನ ಮುಂದೆ ಮಾಡಿದ್ದಳು. ಪರದೆಯ ಪಕ್ಕ ನಿಂತು ನಾಚಿಕೆಯಿಂದ ಬೆವತುಹೋದೆ.

ಕಾರಿನಲ್ಲಿ, ನಾನು ಕದ್ದು ಕೇಳಿಸಿಕೊಂಡದ್ದನ್ನು ಅವಳಿಗೆ ಹೇಳಿದೆ. ಅವಳು ಹೆದರಲಿಲ್ಲ. ಅಂಟಿದ ಹತ್ತಿಯನ್ನು ಕಿತ್ತುಕೊಳ್ಳುತ್ತ, “ಆರ್ ಯು ಮ್ಯಾಡ್?” ಎಂದು ಕೇಳಿದಳು. ಇಲ್ಲ, ಸಿಟ್ಟಿಲ್ಲ ಅಂದೆ. ಎರಡು ಸಿಗ್ನಲ್ ದಾಟಿದ ಮೇಲೆ, ಸರಟೋಗಾ ಆಂಟಿಯ ವಿಷಯ ಅಂಕಲ್ಲಿಗೆ ಹೇಳಿದೆಯಾ ಎಂದು ಕೇಳಿದಳು. ಐದು ತಿಂಗಳು ಅದನ್ನು ನೆನಪಿಟ್ಟುಕೊಂಡಿದ್ದಳು.

“ಇಲ್ಲ ಪುಟ್ಟ.”

“ಅವರ ಹೆಸರು ಏನು?” ಈ ಸಲ ಕನ್ನಡದಲ್ಲೇ ಕೇಳಿದಳು.

ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ರೊಟ್ಟಿ ತಿಂದಿದ್ದೆ. ಅಮ್ಮಾ, ಇನ್ನೊಂದ್ ರೊಟ್ಟಿ ಎಂದು ಕರೆದಿದ್ದೆ, ಅಷ್ಟೇ.

ಆ ಶನಿವಾರ ಇಬ್ಬರೂ ಸರಟೋಗಾಕ್ಕೆ ಹೋದೆವು. ಹಿರಿಯರ ಹತ್ತಿರ ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತಿದ್ದೆ. ಆಕೆಯೇ ಬಾಗಿಲು ತೆಗೆದಳು. “ಬರ್ರಿ ಬರ್ರಿ. ಸಾಹೇಬ್ರು ವಾಕಿಂಗಿಗೆ ಹೋಗ್ಯಾರ. ಕೂಡ್ರಿ, ಚಾ ಮಾಡ್ತೀನಿ.” ನಾವು ಅಡುಗೆಮನೆಗೇ ಹೋದೆವು. ನಾನು ಅದರ ಹೊಸ್ತಿಲು ದಾಟಿದ್ದು ಅದೇ ಮೊದಲು.

“ಆಂಟಿ, ನಿಮ್ಮ ಹೆಸರು ಏನು?” ಮಗಳು ಕೇಳಿದಳು. ಆಕೆ ಸೆರಗಿಗೆ ಕೈ ಒರೆಸಿಕೊಂಡು ನಕ್ಕು ಹೇಳಿದಳು. ಮಗಳು ಎರಡು ಸಲ ಹೇಳಿ ಕಲಿತಳು. ಇದನ್ನು ಬರೆಯುವ ಹೊತ್ತಿಗೆ ಆಕೆ ಗದಗದ ಕಡೆಯ ತನ್ನ ಊರಿಗೆ ಮರಳಿದ್ದಾಳೆ. ಕೇಳದೆ ಆ ಹೆಸರನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ.

“ಮಗಳ ಮದುವೆ?” ಎಂದು ನಾನು ತಡವರಿಸಿದೆ.

“ಆತ್ರಿ, ಛಲೋ ಆತು. ಫೋನ್ಯಾಗ ನೋಡಿದ್ನಿ. ನಮ್ಮ ತಮ್ಮ ಫೋನ್ ಹಿಡಕೊಂಡು ನಿಂತಿದ್ದ. ಅಕ್ಕಿಕಾಳ ಹಾಕೂ ಹೊತ್ತಿಗೆ ನೆಟ್‌ವರ್ಕ್ ಹೋತು.” ಪಾತ್ರೆಯಲ್ಲಿ ಹಾಲು ಉಕ್ಕಿ ಬಂತು. ಅದನ್ನು ತಗ್ಗಿಸಿ ನನ್ನ ಕಡೆ ತಿರುಗಿದಳು. “ನಿಮ್ಮ ಉಪಕಾರ ಮರಿಯೂದಿಲ್ರಿ. ನನ್ನ ಸಲುವಾಗಿ ಸಾಹೇಬ್ರಿಗೆ ಹೇಳಿದ್ರಿ. ಅವರು ಒಪ್ಪಲಿಲ್ಲ, ಅದಕ್ಕ ನೀವೇನ್ ಮಾಡ್ತೀರಿ?”

ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆಕೆ ತಾನಾಗಿ ನನಗೊಂದು ಬಿನ್ನವತ್ತಳೆ ಓದಿದ್ದಳು, ನಾನು ಸ್ವೀಕರಿಸಿ ಚಹಾ ಕುಡಿದು ಬರಬಹುದಿತ್ತು. ಮಗಳು ಕಟ್ಟೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

“ನಾನು ಹೇಳಲಿಲ್ಲಮ್ಮ,” ಅಂದೆ. “ಅವರಿಗೆ ನಾನು ಹೇಳಲೇ ಇಲ್ಲ.”

ಆಕೆ ಒಲೆ ಆರಿಸಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಎರಡೂ ಇಲ್ಲ. ಚಹಾ ಸೋಸುವ ಜಾಲರಿ ಕೈಗೆತ್ತಿಕೊಂಡು ಮೆಲ್ಲಗೆ ಕೇಳಿದಳು.

“ಹೇಳಿದ್ರ ಕಳಸ್ತಿದ್ರೇನ್ರಿ?”

ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ನನಗೆ ಗೊತ್ತಿತ್ತು. ಅದು ಸನ್ಮಾನದ ವಾರ. ಆ ವಾರ ನಾನು ಏನು ಕೇಳಿದ್ದರೂ ಹಿರಿಯರು ಇಲ್ಲ ಅನ್ನುತ್ತಿರಲಿಲ್ಲ.

“ಕಳಿಸ್ತಿದ್ರು,” ಅಂದೆ.